ಬೆಟ್ಟಕ್ಕೆ ಕಾರು, ಗೋಡೆಗೆ ಚಾರ್ಟು

ಏಪ್ರಿಲ್ 3, ಗುರುವಾರ. ಬೆಳಿಗ್ಗೆ 9.40

ಬಾಗಿಲು ತೆಗೆದೆ. ಶೋಕೇಸು ಒರೆಸಿದೆ. ಎಂದಿನಂತೆ ಗಿರಾಕಿಯ ಕುರ್ಚಿಯಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಗೋಡೆಯ ಚಾರ್ಟ್ ಓದಿದೆ. ಮೇಲಿನ ಕುಂಬಳಕಾಯಿ ಗಾತ್ರದ ‘ಠ’ದಿಂದ ಕೆಳಗಿನ ಸಾಸಿವೆ ಕಾಳಿನ ಸಾಲಿನ ತನಕ. ಇನ್ನೊಂದು ಕಣ್ಣು ಮುಚ್ಚಿ ಮತ್ತೊಮ್ಮೆ. ಒಂದು ಅಕ್ಷರ ತಪ್ಪಿಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ. ಐವತ್ತೊಂದಕ್ಕೂ ಬರಿಗಣ್ಣು, ಪೇಪರ್ ಓದುವುದಕ್ಕೂ ಕನ್ನಡಕ ಬೇಡ. ಕನ್ನಡಕ ಮಾರುವವನಿಗೆ ಇದಕ್ಕಿಂತ ಕೆಟ್ಟ ಜಾಹೀರಾತು ಇಲ್ಲ.

ಅಮ್ಮನೂ ಹಾಗೆಯೇ. ದಿನಾ ಮಧ್ಯಾಹ್ನ ರಸ್ತೆ ದಾಟಿ ಅಂಗಡಿಗೆ ಬರುತ್ತಾಳೆ, ಚಾರ್ಟಿನ ಎದುರಿನ ಬೆಂಚಿನಲ್ಲಿ ಕೂತು ಲೆನ್ಸ್ ಒರೆಸುವ ಬಟ್ಟೆಗಳನ್ನು ಮಡಿಸುತ್ತಾಳೆ. ವರ್ಷಕ್ಕೊಮ್ಮೆ ಅವಳ ಕಣ್ಣು ನೋಡುತ್ತೇನೆ. ಎಪ್ಪತ್ತಾರಕ್ಕೂ ಕೊನೆಯ ಸಾಲು ಪಟಪಟ. ವಂಶವೇ ಅಂಥದ್ದು.

ನಿನ್ನೆ ಬಟ್ಟೆ ಮಡಿಸುತ್ತಾ ಅಂದಳು: “ಆ ಹಿಮದ ಬೆಟ್ಟ ಇದೆಯಲ್ಲ, ಭೂಗೋಳದ ಪುಸ್ತಕದಲ್ಲಿ ನೋಡಿದ್ದು. ಒಂದ್ಸಲ ಕಣ್ಣಾರೆ ನೋಡ್ಬೇಕು ಕಣೋ.” ಜನ್ಮದಲ್ಲಿ ಏನನ್ನೂ ಕೇಳದವಳು. ಹೋಗಲೇಬೇಕು. ಒಂದು ಹಗಲಿನ ದಾರಿ, 26ರ ಶನಿವಾರ ಹೊರಡುವುದು.

ಅದೇ ದಿನ, ಸಂಜೆ 7.00

ಹೋಗುವುದು ಖಚಿತ. ಹೇಗೆ ಎಂಬುದಕ್ಕೆ ಮಹಾಯುದ್ಧ.

ಹೆಂಡತಿ ಲೆಕ್ಕದ ಟೀಚರ್. ಇಡೀ ಶಾಲೆಯ ಟೈಮ್‌ಟೇಬಲ್ ಹಾಕುವವಳೂ ಅವಳೇ. ಮೂವತ್ತು ಮೇಷ್ಟ್ರುಗಳನ್ನು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯದಂತೆ ಓಡಿಸುವವಳಿಗೆ ರೈಲ್ವೆ ಎಂದರೆ ತವರುಮನೆ.

“ಎರಡೇ ಕಡೆ ರೈಲು ಬದಲಾಯಿಸ್ಬೇಕು ರೀ. ಎರಡನೇ ಕಡೆ ಆರು ನಿಮಿಷ ಸಿಗುತ್ತೆ.”

“ಆರು ನಿಮಿಷ! ಅಮ್ಮನ ಮಂಡಿಗೆ ಕುರ್ಚಿಯಿಂದ ಏಳೋಕೇ ಅಷ್ಟು ಬೇಕು.”

“ನನ್ನ ಮಂಡಿ ಸುದ್ದಿಗೆ ಬರ್ಬೇಡ,” ಒಳಗಿನಿಂದ ಅಮ್ಮ.

“ಬಾಡಿಗೆ ಕಾರು ತಗೊಂಡ್ರೆ ಮನೆ ಬಾಗಿಲಿಂದ ಬೆಟ್ಟದ ಬುಡಕ್ಕೆ. ಬೇಕಾದಲ್ಲಿ ನಿಲ್ಲಿಸಬಹುದು.”

“ಬೇಡವಾದಲ್ಲೂ ನಿಲ್ಲಬಹುದು. ಅಲ್ಲಿ ಇನ್ನೂರು ತಿರುವು ಇವೆಯಂತೆ.”

“ನನ್ನ ಡ್ರೈವಿಂಗ್ ಮೇಲೆ ಅನುಮಾನವೋ?”

ಅವಳು ಟೈಮ್‌ಟೇಬಲಿನ ಪುಟ ತಿರುವಿದಳು. ಕಾರಾದರೆ ಕಾರುಬಾರು ನನ್ನದು. ರೈಲಾದರೆ ಹಳಿ ಅವಳದು, ಹಳಿಯುವುದಷ್ಟೇ ನನ್ನ ಪಾಲು. ಬಿಡುವುದಿಲ್ಲ.

ಏಪ್ರಿಲ್ 6, ಭಾನುವಾರ

ಬಾಡಿಗೆ ಕಾರಿನ ಆಫೀಸಿಗೆ ಇಬ್ಬರೂ ಹೋದೆವು. ಅಲ್ಲಿನವನು ಒಂದು ಫಾರಂ ಕೊಟ್ಟ, ಮೇಲೆ ಕಾರಿನ ಚಿತ್ರ. “ಸುತ್ತ ಒಂದು ರೌಂಡ್ ಹಾಕಿ, ಎಲ್ಲೆಲ್ಲಿ ಗೀರು ಬಿದ್ದಿದೆಯೋ ಗುರುತು ಮಾಡಿ ಸಾರ್.” ಎರಡು ಹೆಜ್ಜೆ ದೂರ ನಿಂತು ಗಂಭೀರವಾಗಿ ಸುತ್ತು ಹಾಕಿದೆ. ಕಾರು ಕನ್ನಡಿಯ ಹಾಗಿದೆ ಎಂದೆ. ಹೆಂಡತಿ ಫಾರಂ ಕಿತ್ತುಕೊಂಡು ಏಳು ಗುರುತು ಹಾಕಿದಳು.

ಆಮೇಲೆ ಟ್ರಯಲ್. ಪಕ್ಕದಲ್ಲಿ ಅವಳು.

“ಆ ಬೋರ್ಡಲ್ಲಿ ಏನಿದೆ ಹೇಳಿ?”

“ಬಲಕ್ಕೆ ತಿರುಗಿ ಅಂತ.”

“ತಿರುಗಬಾರದು ಅಂತ!”

ಅಷ್ಟರಲ್ಲಿ ತಿರುಗಿ ಆಗಿತ್ತು. ಎದುರಿನಿಂದ ಬಂದ ಹಾಲಿನ ವ್ಯಾನಿನವನು ಬಾಯಿಗೆ ಬಂದಿದ್ದನ್ನೆಲ್ಲ ಬೈದ. ಮೂಲೆಯಲ್ಲಿ ಕೆಂಪು ಕೋಟಿನ ಗಿರಾಕಿಯೊಬ್ಬರು ಕಂಡರು, ಮರ್ಯಾದೆಗೆ ಕೈ ಬೀಸಿದೆ. ಟಪಾಲು ಪೆಟ್ಟಿಗೆ.

ಬಿಸಿಲಿನ ಝಳ, ಬೇರೇನಲ್ಲ. ಕಾರು ಬುಕ್ ಮಾಡಿಯೇ ಬಂದೆ. ದಾರಿಯುದ್ದಕ್ಕೂ ಅವಳು ಮೌನ. ಅವಳ ಮೌನ ಖಾಲಿ ಪೀರಿಯಡ್ ಅಲ್ಲ… ಪರೀಕ್ಷೆಗೆ ಮುಂಚಿನ ರಿವಿಷನ್.

ಏಪ್ರಿಲ್ 7, ಸೋಮವಾರ. ಸಂಜೆ

ಪರೀಕ್ಷೆ ಇಂದೇ ನಡೆಯಿತು. ಊಟದ ಮೇಜಿನಲ್ಲಿ.

ಹಾಲಿನ ವ್ಯಾನು, ಟಪಾಲು ಪೆಟ್ಟಿಗೆ, ಎಲ್ಲವನ್ನೂ ಅವಳು ಅಮ್ಮನ ಮುಂದೆ ಒಂದೊಂದಾಗಿ ಬಿಚ್ಚಿಟ್ಟಳು. “ಅತ್ತೆ, ಇವರು ಕಣ್ಣು ತೋರಿಸ್ಕೊಳ್ಳದೆ ನಿಮ್ಮನ್ನ ಕಾರಲ್ಲಿ ಕೂರಿಸೋಕೆ ನಾನು ಬಿಡಲ್ಲ.”

“ಕಣ್ಣಿಗೇನಾಗಿದೆ? ಬೆಳಿಗ್ಗೆ ತಾನೇ ಕೊನೆಯ ಸಾಲು ಓದಿದೀನಿ!”

ಅಮ್ಮ ತಟ್ಟೆ ಪಕ್ಕಕ್ಕೆ ಸರಿಸಿದಳು. “ಏನು ಓದಿದೆ? ಹೇಳು ನೋಡೋಣ.”

“ಠ. ಅದರ ಕೆಳಗೆ ರ, ಪ…”

“ಹಾಗಲ್ಲ. ಕಣ್ಣು ಮುಚ್ಕೊಂಡು ಹೇಳು.”

ಮುಚ್ಚಿಕೊಂಡು ಹೇಳಿದೆ. ಗ ಲ ವ. ನ ದ ಸ ಬ. ಕೊನೆಯ ಸಾಲು. ಅದರ ಕೆಳಗೆ ಮೂಲೆಯಲ್ಲಿ ಅಚ್ಚಾದ ಪ್ರೆಸ್ಸಿನ ಹೆಸರು. ಅದರ ಫೋನ್ ನಂಬರ್.

ಕಣ್ಣು ತೆರೆದರೆ ಇಬ್ಬರೂ ನನ್ನನ್ನೇ ನೋಡುತ್ತಿದ್ದಾರೆ. ಇಬ್ಬರ ಮುಖವೂ ಸ್ಪಷ್ಟ. ಮೇಜು ಚಿಕ್ಕದಲ್ಲವೇ.

ಇಪ್ಪತ್ತೆರಡು ವರ್ಷದಿಂದ ಪರೀಕ್ಷೆ ಮಾಡಿಕೊಂಡಿದ್ದು ಕಣ್ಣನ್ನಲ್ಲ, ಜ್ಞಾಪಕಶಕ್ತಿಯನ್ನು. ಅದಂತೂ ಫಸ್ಟ್ ಕ್ಲಾಸ್ ಇದೆ.

ನಿನ್ನೆ ಆ ವ್ಯಾನು ಇನ್ನೊಂದು ಮಾರು ಮುಂದೆ ಬಂದಿದ್ದರೆ? ಹಿಂದಿನ ಸೀಟಿನಲ್ಲಿ ಅಮ್ಮ ಇದ್ದಿದ್ದರೆ? ಈ ಸಾಲಿಗೆ ತಮಾಷೆ ಹೊಳೆಯುತ್ತಿಲ್ಲ.

“ನಿಂಗೆ ಹೇಗಮ್ಮ ಗೊತ್ತಾಯ್ತು?”

“ಹೆತ್ತವಳಿಗೆ ಗೊತ್ತಾಗತ್ತೆ ಕಣೋ,” ಎಂದು ಎದ್ದು ಹೋದಳು. ನಂಬಿದೆ.

ಏಪ್ರಿಲ್ 11, ಶುಕ್ರವಾರ

ಮೂರು ದಿನ ಬರೆಯಲಿಲ್ಲ. ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಮಷಿನ್ ಇದೆ, ನಿಜ. ಒಂದು ಬದಿಗೆ ಗದ್ದ ಇಟ್ಟು, ಇನ್ನೊಂದು ಬದಿಯಿಂದ ನಾನೇ ಇಣುಕುವುದು ಹೇಗೆ? ಮಂಗಳವಾರ ಪ್ರಯತ್ನಪಟ್ಟೆ. ಕುತ್ತಿಗೆ ಹಿಡಿದುಕೊಂಡಿತು.

ಉಳಿದಿದ್ದು ಒಂದೇ ದಾರಿ: ರಸ್ತೆ ದಾಟುವುದು. ಎದುರಂಗಡಿ. ಅವನೂ ಕನ್ನಡಕ ಮಾರುವವನೇ. ಹನ್ನೊಂದು ವರ್ಷದ ಹಿಂದೆ ನನ್ನ ಬೋರ್ಡಿಗಿಂತ ಒಂದು ಅಡಿ ದೊಡ್ಡ ಬೋರ್ಡು ಹಾಕಿದ. ಅಂದಿನಿಂದ ಮಾತಿಲ್ಲ.

ಗಿರಾಕಿ ಇಲ್ಲದ ಹೊತ್ತು ನೋಡಿ ನುಗ್ಗಿದೆ. ಅವನು ಎದ್ದು ನಿಂತ.

“ಏನು ಸ್ವಾಮಿ, ಬೋರ್ಡ್ ಅಳೆಯೋಕೆ ಬಂದ್ರಾ?”

“ಕಣ್ಣು ತೋರಿಸೋಕೆ.”

ಅವನು ನಗಲಿಲ್ಲ. ಅದಕ್ಕೆ ಒಂದು ಅಡಿ ಮಾಫಿ. ಕುರ್ಚಿ ತೋರಿಸಿದ. ಗೋಡೆ ನೋಡಿದೆ. ಅದೇ ಪ್ರೆಸ್ಸು, ಅದೇ ಚಾರ್ಟು!

“ಇದು ನನಗೆ ಬಾಯಿಪಾಠ,” ಎಂದೆ.

“ನನಗೂ,” ಎಂದ.

ಆಮೇಲೆ ಅವನು ಫ್ರೇಮಿನ ರಟ್ಟಿನ ಡಬ್ಬವೊಂದನ್ನು ಹರಿದು, ಅದರ ಹಿಂದೆ ಮಾರ್ಕರಿನಲ್ಲಿ ಏನೋ ಬರೆದು ಗೋಡೆಗೆ ಒರಗಿಸಿದ. ಬಿಳಿ ಗದ್ದೆಯಲ್ಲಿ ಕಪ್ಪು ಇರುವೆಗಳು. ಲೆನ್ಸ್ ಹಾಕಿದ, ತೆಗೆದ, ಬೇರೆ ಹಾಕಿದ. ಇರುವೆಗಳು ನಿಂತವು, ಸಾಲು ಕಟ್ಟಿದವು, ಅಕ್ಷರವಾದವು:

‘ಬೋರ್ಡು ಈಗಲೂ ನನ್ನದೇ ದೊಡ್ಡದು.’

ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅದಕ್ಕೂ ಅವನೇ ಬಟ್ಟೆ ಕೊಟ್ಟ.

“ಈ ವಯಸ್ಸಲ್ಲಿ ಹತ್ತಿರದ್ದಕ್ಕೆ ಕನ್ನಡಕ ಬೇಡ ಅಂದ್ರೆ, ದೂರದ್ದು ಕೈಕೊಟ್ಟಿದೆ ಅಂತ ನಿಮಗೆ ಹೊಳೀಲೇ ಇಲ್ವಾ?”

“ಗಿರಾಕಿಗಳಿಗೆ ದಿನಾ ಹೇಳ್ತೀನಿ.”

“ಇನ್ನೊಂದೂ ಹೇಳ್ತೀರಲ್ಲ? ಹೊಸ ಕನ್ನಡಕ ಒಗ್ಗೋಕೆ ಎರಡು ವಾರ ಬೇಕು, ಅಲ್ಲಿತನಕ ಬೆಟ್ಟದ ರಸ್ತೇಲಿ ಗಾಡಿ ಓಡಿಸ್ಬೇಡಿ ಅಂತ.”

ಹೇಳುತ್ತೇನೆ. ಇದೇ ಮಾತು, ಇದೇ ದನಿ. ಕೇಳುವ ಕುರ್ಚಿಯಿಂದ ಎಷ್ಟು ಕಹಿ! ಕನ್ನಡಕ ಬರುವುದು ಹದಿನೆಂಟಕ್ಕೆ. ಹೊರಡುವುದು ಇಪ್ಪತ್ತಾರಕ್ಕೆ. ಲೆಕ್ಕ ಮಾಡಲು ಟೀಚರ್ ಬೇಕಿಲ್ಲ.

ಹೊರಡುವ ಮುನ್ನ ಅವನ ಕಣ್ಣನ್ನು ನಾನು ನೋಡಿದೆ. ಅವನ ರಟ್ಟಿನ ಮೇಲೆ ಏನು ಬರೆದೆ ಎಂಬುದು ವೃತ್ತಿಯ ಗುಟ್ಟು.

ಏಪ್ರಿಲ್ 12, ಶನಿವಾರ

ಕಾರು ಕ್ಯಾನ್ಸಲ್. ಹೆಂಡತಿಗೆ ಹೇಳಿದೆ. “ನಾನು ಗೆದ್ದೆ” ಎನ್ನುತ್ತಾಳೆಂದು ಕಾದೆ. ಅನ್ನಲಿಲ್ಲ. ಬಂದು ಪಕ್ಕದಲ್ಲಿ ಕೂತಳು. ಆಮೇಲೆ ಚೀಲದಿಂದ ರೈಲು ಟಿಕೆಟ್ ತೆಗೆದಳು. ಏಳನೇ ತಾರೀಖೇ ಮಾಡಿಸಿದ್ದು!

ಆದರೆ ಆ ಆರು ನಿಮಿಷ ಹಾಗೇ ಇದೆ. ತಪ್ಪಿದರೆ ಮುಂದಿನ ಗಾಡಿ ಕತ್ತಲಾದ ಮೇಲೆ. ಬೆಟ್ಟ ಕಾಣುವುದಿಲ್ಲ, ಮರುದಿನ ವಾಪಸು. ಆ ಸ್ಟೇಷನ್ನಿಗೆ ಫೋನ್ ಮಾಡಿ ಪ್ಲಾಟ್‌ಫಾರಂ ದಾಟುವ ಸೇತುವೆಯ ಮೆಟ್ಟಿಲೆಷ್ಟು ಎಂದು ಕೇಳಿದ್ದಾಳೆ. ಮೂವತ್ತೆಂಟು. ನಮ್ಮ ಮನೆಯದು ಹತ್ತೊಂಬತ್ತು. ಹಾಗಾಗಿ ದಿನಾ ಸಂಜೆ ಅಮ್ಮನಿಗೆ ಎರಡು ಟ್ರಿಪ್. ಕೆಳಗೆ ಸೊಸೆ, ಕೈಯಲ್ಲಿ ಗಡಿಯಾರ.

“ಎಂಟು ನಿಮಿಷ ಹತ್ತು ಸೆಕೆಂಡ್, ಅತ್ತೆ.”

“ನಿನ್ನ ಗಡಿಯಾರ ಮುಂದಿದೆ ಕಣೇ.”

ಏಪ್ರಿಲ್ 24, ಗುರುವಾರ

ಕನ್ನಡಕ ಬಂದು ಆರು ದಿನ. ಮರಗಳಿಗೆ ಬಿಡಿಬಿಡಿ ಎಲೆಗಳಿವೆ! ನನ್ನ ಅಂಗಡಿಯ ಮೂಲೆಯಲ್ಲಿ ಜೇಡರ ಬಲೆಯಿದೆ. ಎದುರಂಗಡಿಯವನ ಬೋರ್ಡಿನಲ್ಲಿ ಒಂದು ಕಾಗುಣಿತ ತಪ್ಪಿದೆ. ಹೇಳುವುದೋ ಬೇಡವೋ… ಇಟ್ಟುಕೊಂಡಿರುತ್ತೇನೆ.

ಅಮ್ಮ: ಐದು ನಿಮಿಷ ಇಪ್ಪತ್ತು ಸೆಕೆಂಡ್.

ಏಪ್ರಿಲ್ 26, ಶನಿವಾರ. ಮಧ್ಯಾಹ್ನ 2.25, ಮೂರನೇ ರೈಲಿನಲ್ಲಿ

ಸಿಕ್ಕಿತು! ಇಳಿದ ತಕ್ಷಣ ಹೆಂಡತಿ ಅಮ್ಮನ ಕೈ ಹಿಡಿದು ಎರಡನೇ ಪ್ಲಾಟ್‌ಫಾರಂ ಕಡೆ ಹೊರಟಳು. ಟೈಮ್‌ಟೇಬಲಿನಲ್ಲಿ ಎರಡೇ ಇದೆ. ದೂರದಲ್ಲಿ, ಆ ತುದಿಯಲ್ಲಿ, ಒಂದು ಬೋರ್ಡು. ಓದಿದೆ. “ಐದು! ಐದಕ್ಕೆ ಬದಲಾಯಿಸಿದಾರೆ!” ಇಬ್ಬರೂ ನಂಬದೆ ನನ್ನ ಮುಖ ನೋಡಿದರು. ನಂಬದಿರಲು ಕಾರಣವೂ ಇತ್ತು. “ಕಣ್ಣು ಬಿಟ್ಕೊಂಡೇ ಹೇಳ್ತಿದೀನಿ, ನಡೀರಿ!”

ನಡೆದರು. ಅಮ್ಮ ಮೆಟ್ಟಿಲು ಹತ್ತಿದ ರೀತಿಗೆ ಗಾರ್ಡ್ ಬಾವುಟ ಇಳಿಸಿ ನಿಂತು ನೋಡಿದ.

ಸಂಜೆ 4.10

ಬೆಟ್ಟ ಬಂತು. ಡಬ್ಬಿಯವರೆಲ್ಲ ಒಂದೇ ಕಡೆ ವಾಲಿದರು. ಅಮ್ಮ ಕಿಟಕಿಗೆ ಮೂಗು ಒತ್ತಿ ಕೂತಿದ್ದಳು.

“ಚೆನ್ನಾಗಿದೆ,” ಎಂದಳು. ಆಮೇಲೆ ಮೆಲ್ಲಗೆ, ನನಗೆ ಮಾತ್ರ ಕೇಳುವಂತೆ: “ಯಾವ ಕಡೆ ಇದೆಯೋ?”

ಅವಳ ಮುಖ ನೋಡಿದೆ. ಎದುರಿನ ಬೆಂಚು. ಮಡಿಸುವ ಬಟ್ಟೆ. ದಿನಾ ಮಧ್ಯಾಹ್ನ…

“ಅಮ್ಮ. ನಿಂಗೂ ಬಾಯಿಪಾಠವಾ?”

“ಫೋನ್ ನಂಬರ್ ಬರಲ್ಲಪ್ಪ. ಉಳಿದಿದ್ದೆಲ್ಲ ಬರತ್ತೆ.”

“ಹೇಳ್ಬಾರದಿತ್ತಾ!”

“ಹೇಳಿದ್ರೆ ರಸ್ತೆ ದಾಟೋಕೆ ಬಿಡ್ತಿದ್ಯಾ? ಬಟ್ಟೆ ಯಾರು ಮಡಿಸ್ತಿದ್ರು?”

ಸೋಮವಾರವೇ ಎದುರಂಗಡಿಗೆ. ರಸ್ತೆ ದಾಟಿಸಲು ನಾನು, ರಟ್ಟು ಬರೆಯಲು ಅವನು. ಸದ್ಯಕ್ಕೆ ನನ್ನ ಕನ್ನಡಕ ತೆಗೆದು ಅವಳ ಮೂಗಿನ ಮೇಲಿಟ್ಟೆ. ಬೆಟ್ಟ ನನಗೆ ಹಿಂಡಿದ ಬಿಳಿ ಬಟ್ಟೆಯಾಯಿತು. ಅವಳು ಒಮ್ಮೆಲೇ ಹಿಂದಕ್ಕೆ ಸರಿದಳು. “ಅಯ್ಯೋ, ಇಷ್ಟು ಹತ್ತಿರ ಇದೆಯಾ!”

“ಏನೇನು ಕಾಣ್ತಿದೆ? ಮೇಲಿಂದ ಒಂದೊಂದೇ ಸಾಲು ಹೇಳು, ಬರ್ಕೋತೀನಿ.”

“ಬರ್ಕೋ. ಮೊದಲು ದೊಡ್ಡದಾಗಿ ಬಿಳಿ. ಅದರ ಕೆಳಗೆ ನೀಲಿ ಬಂಡೆ, ಎರಡು. ಅದರ ಕೆಳಗೆ ಮರಗಳು… ಒಂದು ಬೋಳಾಗಿದೆ, ಪಾಪ. ಅದರ ಕೆಳಗೆ ಮನೆ. ಅಂಗಳದಲ್ಲಿ ಬಟ್ಟೆ ಒಣಹಾಕಿದಾರೆ. ತಾಳು, ಎಣಿಸ್ತೀನಿ. ಕೊನೇ ಸಾಲು ಕಣೋ ಇದು, ತುಂಬಾ ಚಿಕ್ಕದು… ಒಂದು ಕೆಂಪು, ಒಂದು ಬಿಳಿ, ಇನ್ನೊಂದು ಹಳದಿ, ಅದರ ಪಕ್ಕ…”