ಹೆಸರಿನ ಕೆಳಗೊಂದು ಸಾಲು

ಟೊರುನ್,

ಈ ಕಾಗದ ಅಂಚೆಗೆ ಹೋಗಲ್ಲ ಅಂತ ಗೊತ್ತಿದ್ದೇ ಬರೀತಿದ್ದೀನಿ. ಇವತ್ತು ವೊಸ್ಸಿನ ಶಾಲೆಯಲ್ಲಿ ಮಕ್ಕಳು ನನ್ನ ಮಾಯಾಲೋಕದ ಕಾದಂಬರಿಗಳ ಬಗ್ಗೆ ಕೇಳ್ತಿದ್ದರು. ಬೂಟು ಬಾಗಿಲಲ್ಲಿ ಬಿಟ್ಟು, ಅವರ ಹಾಗೇ ಉಣ್ಣೆ ಕಾಲುಚೀಲದಲ್ಲಿ ಕೂತಿದ್ದೆ. ಮಾರಿತ್ ಅನ್ನೋ ಹದಿಮೂರರ ಹುಡುಗಿ ಎದ್ದಳು.

"ನಿಮ್ಮ ನಾಯಕಿ ಬೆಟ್ಟದ ತಂಗುಮನೆಗೆ ಹೋದಾಗಲೆಲ್ಲ ಬಂದವರ ಪುಸ್ತಕದಲ್ಲಿ ಹೆಸರು ಬರೆದು, ಕೆಳಗೊಂದು ಸಾಲು ಖಾಲಿ ಬಿಡ್ತಾಳೆ. ಯಾಕೆ? ನಾಲ್ಕೂ ಕಾದಂಬರೀಲಿ ಹಾಗೇ ಇದೆ."

"ಮರೆತಿರ್ತಾರೆ ಬಿಡೇ," ಅಂದ ಪಕ್ಕದವನು.

"ನಾಲ್ಕು ಸಲಾನಾ? ಯಾರೋ ಹಿಂದೆ ಬರ್ತಿರಬೇಕು ಕಣೋ."

ಎಂಥ ವಿಚಿತ್ರ ನೋಡು, ಬರೆದ ನಾನೇ ಗಮನಿಸಿರಲಿಲ್ಲ! ಆಗ ನಾವು ಬೆಟ್ಟಕ್ಕೆ ಹೋದಾಗ, ಹಿಮದಲ್ಲಿ ನೀನು ಯಾವಾಗಲೂ ಹಿಂದೆ ಬೀಳ್ತಿದ್ದೆ. ನಾನು ಮೊದಲು ತಂಗುಮನೆ ಸೇರಿ, ಹೆಸರು ಬರೆದು, ನಿನಗೊಂದು ಸಾಲು ಬಿಡ್ತಿದ್ದೆ. ಕಾದಂಬರಿಯ ಆ ಮಾಯಾಲೋಕವನ್ನ ನಾವಿಬ್ಬರೂ ಸೇರಿ ಕಟ್ಟಿದ್ದು ಅಲ್ಲಿನ ಒಲೆ ಮುಂದೇನೇ.

ಮನೆಗೆ ಬಂದು ನಾಲ್ಕೂ ಕಾದಂಬರಿ ಹರಡಿಕೊಂಡು ಹುಡುಕಿದೆ. ಹುಡುಗಿ ಹೇಳಿದ್ದು ನಿಜ. ಆಮೇಲೆ ಮುಚ್ಚಿಟ್ಟು ಮುಖಪುಟ ನೋಡಿದೆ. ಅಲ್ಲಿ ನನ್ನ ಹೆಸರಿನ ಕೆಳಗೆ ಜಾಗ ಬಿಟ್ಟಿಲ್ಲ.

ಗುನ್‌ವೋರ್