ಮುಷ್ಟಿ ಹಿಡಿದರೆ ನಿಲ್ಲಬೇಕು

ಪೀಣ್ಯ ಎರಡನೇ ಹಂತ
೧೨-೧೦-೨೦೨೫, ಭಾನುವಾರ ಸಂಜೆ

ಪ್ರೀತಿಯ ಭಾವನವರಿಗೆ ನರಸಿಂಹಯ್ಯನ ನಮಸ್ಕಾರಗಳು.

ಹೇಗಿದ್ದೀರಿ? ಬಲಗೈಗೆ ಎಣ್ಣೆ ತಿಕ್ಕುವವರು ಬರುತ್ತಿದ್ದಾರೆಯೇ? ಗಂಜಿ ಬಿಟ್ಟು ಮುದ್ದೆಗೆ ಬಂದಿರಾ? ಉತ್ತರದ ಯೋಚನೆ ಬೇಡ, ನಿಮ್ಮ ಮಗಳು ಶಾಂಭವಿ ನನಗೆ ತಿಳಿಸುತ್ತಾಳೆ. ಫೋನ್ ಮಾಡಿದರೆ ನಾನೊಬ್ಬನೇ ಮಾತಾಡಿ, ನಿಮ್ಮ ಉಸಿರು ಕೇಳಿಸಿಕೊಂಡು ಇಡಬೇಕು; ಅದು ನನ್ನ ಕೈಲಿ ಆಗುವುದಿಲ್ಲ. ಅದಕ್ಕೇ ಕಾಗದ. ನನ್ನದೇನೂ ವಿಶೇಷವಿಲ್ಲ. ಮಂಡಿ ನೋವು, ಒಬ್ಬನ ಅಡುಗೆ. ನಿಮ್ಮ ತಂಗಿ ಹೋದ ಮೇಲೆ ಮೂರು ವರ್ಷದಿಂದ ಅದೇ ಹುಳಿ.

ನಮ್ಮ ಫ್ಯಾಕ್ಟರಿ ಆರ್ಕೆಸ್ಟ್ರಾದಲ್ಲಿ ನಿಮ್ಮ ಜಾಗಕ್ಕೆ ಆಶಾರಾಣಿ ಅಂತ ಸಂಗೀತದ ಟೀಚರ್ ಬಂದಿದ್ದಾರೆ. ಒಳ್ಳೆಯ ಹೆಣ್ಣುಮಗಳು, ತಾಳ ತೋರಿಸಲು ಕೈಯಲ್ಲೊಂದು ಬಿಳೀ ಕಡ್ಡಿ. ಇವತ್ತು ರಾಜ್ಯೋತ್ಸವದ ಹಾಡಿನ ಪ್ರಾಕ್ಟೀಸು. ಹಾಡು ಏರುವ ಜಾಗದಲ್ಲಿ, ಇನ್ನೂ ಜೋರಾಗಲಿ ಅಂತ ಆಕೆ ಮುಷ್ಟಿ ಹಿಡಿದು ಕೈ ಮೇಲೆತ್ತಿದರು. ಹದಿನಾಲ್ಕು ಜನ ಮುದುಕರೂ ಒಟ್ಟಿಗೆ ವಾದ್ಯ ನಿಲ್ಲಿಸಿಬಿಟ್ಟೆವು. ಆಕೆ ಗಾಬರಿಯಾಗಿ ಏನಾಯಿತು ಅಂತ ಕೇಳಿದರೆ, ನಿಮ್ಮ ಕ್ರೇನ್ ಆಪರೇಟರ್ ಮುತ್ತು ಡೋಲಕ್ ಮೇಲೆ ಕೈಯಿಟ್ಟುಕೊಂಡೇ, “ಮುಷ್ಟಿ ಕಂಡ್ಮೇಲೂ ನಿಲ್ಲಿಸ್ಲಿಲ್ಲ ಅಂದ್ರೆ ಕೆಳಗಿರೋರ ತಲೆ ಮೇಲೆ ಕಬ್ಬಿಣ ಬೀಳ್ತದೆ ಮೇಡಂ” ಅಂದ. ಆಮೇಲೆ ನಾನು ವಿವರಿಸಬೇಕಾಯಿತು. ಪ್ರೆಸ್ ಮೆಷಿನ್‌ಗಳ ಸದ್ದಿನಲ್ಲಿ ಕೂಗಿದರೆ ಕೇಳದು ಅಂತ ನೀವು ಕ್ರೇನಿಗೆ ಕೈಸನ್ನೆ ಮಾಡುತ್ತಿದ್ದವರು. ತೋರುಬೆರಳು ಮೇಲ್ಮುಖವಾಗಿ ಸುತ್ತಿದರೆ ಎತ್ತು, ಕೆಳಮುಖವಾಗಿ ಸುತ್ತಿದರೆ ಇಳಿಸು, ಮುಷ್ಟಿ ಹಿಡಿದರೆ ನಿಲ್ಲು. ಅದನ್ನೇ ಸ್ಟೇಜಿಗೂ ತಂದಿರಿ, ಮೂವತ್ತು ವರ್ಷ ನಮಗೆ ಬೇರೆ ಭಾಷೆ ಬೇಕಾಗಲಿಲ್ಲ. ನಿಮ್ಮ ತಂಗಿ ಅನ್ನುತ್ತಿದ್ದಳಲ್ಲ, “ನಮ್ಮಣ್ಣ ಬಾಯಲ್ಲಿ ಕೇಳೋದು ಊಟ ಆಯ್ತಾ ಅಂತ ಮಾತ್ರ ಕಣ್ರೀ” ಅಂತ. ಕಾಲೇಜಿನಲ್ಲಿ ಓದಿದ್ದೆ, ಸ್ಪೀಚ್ ಈಸ್ ಸಿಲ್ವರ್, ಸೈಲೆನ್ಸ್ ಈಸ್ ಸ್ಟೀಲೋ ಏನೋ. ನಮ್ಮ ಮೆಷಿನ್ ಶಾಪಿಗೆ ಸ್ಟೀಲೇ ಸರಿ.

ಹೋದ ತಿಂಗಳು ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಾಯಿಸಿ ಬ್ರೂಕ್‌ಫೀಲ್ಡ್‌ನ ನಿಮ್ಮ ಮನೆಗೆ ಬಂದರೆ ನೀವು ಗೋಡೆ ಕಡೆ ತಿರುಗಿ ಮಲಗಿದಿರಿ. ಲಕ್ವ ಹೊಡೆದು ಮಾತು ಹೋದವನನ್ನು ಯಾರೂ ನೋಡಬಾರದು ಅಂತ ಇರಬೇಕು. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಹಾಲ್‌ನಲ್ಲಿ ಟಿವಿಯ ಹಾಡು ಜೋರಾಯಿತು. ಹೊದಿಕೆಯ ಮೇಲೆ ನಿಮ್ಮ ಎಡಗೈ ತೋರುಬೆರಳು ಕೆಳಮುಖವಾಗಿ ಸುತ್ತತೊಡಗಿತು. ಅದು ನಡುಕ ಮಾವ, ಅಂದಳು ಶಾಂಭವಿ. ನಾನು ಹೋಗಿ ಟಿವಿ ಸದ್ದು ಇಳಿಸಿದೆ. ನಡುಕಕ್ಕೆ ತಾಳ ಇರುವುದಿಲ್ಲ.

ಸುಸ್ತಾಗಿದೆ, ಕಣ್ಣು ಮಂಜು. ಶಾಂಭವಿಗೂ ಮಕ್ಕಳಿಗೂ ನನ್ನ ಆಶೀರ್ವಾದ ತಲುಪಿಸಿ. ಹೇಗೆ ಅಂತ ನಿಮಗೆ ಗೊತ್ತು, ತಲೆ ಮೇಲೆ ಎಡಗೈ ಇಟ್ಟರಾಯಿತು.

ಇಂತು ನಿಮ್ಮ
ನರಸಿಂಹಯ್ಯ

ತಾ.ಕ.: ಬರೆಯಬೇಕಾದ್ದನ್ನೇ ಬಿಟ್ಟೆ. ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಿಮ್ಮನ್ನು ಪ್ರಾಕ್ಟೀಸಿಗೆ ಕರೆದುಕೊಂಡು ಬರಲು ಮುತ್ತು ವ್ಯಾನ್ ತರುತ್ತಾನೆ. ಒಂದು ಹಾಡಿಗೆ ಆಶಾರಾಣಿ ಕಡ್ಡಿ ಕೆಳಗಿಟ್ಟು ಪಕ್ಕಕ್ಕೆ ನಿಲ್ಲುತ್ತಾರಂತೆ, ಕೇಳಿಕೊಂಡಿದ್ದೇನೆ. ಕುರ್ಚಿ ಹಾಕಿರುತ್ತೇವೆ, ಎಡಗೈ ಸಾಕು. ಬೇಡವೆನಿಸಿದರೆ ಮುತ್ತುವಿಗೆ ಮುಷ್ಟಿ ತೋರಿಸಿ. ಅದನ್ನು ದಾಟಿ ಒಂದಿಂಚು ಮುಂದೆ ಹೋದವನಲ್ಲ, ವಾಪಸ್ ಬರುತ್ತಾನೆ. ಗೋಡೆ ಕಡೆ ಮಾತ್ರ ತಿರುಗಬೇಡಿ ಭಾವ, ಆ ಸನ್ನೆ ನೀವು ನಮಗೆ ಕಲಿಸಿಲ್ಲ.