ಮುಳ್ಳುತಂತಿಯಾಚೆಯ ಬೀಗರು

ಶಾಲಿವಾಹನ ಶಕ ೨೧೩೯, ಉರಿಮಾಸ, ಬಹುಳ ತದಿಗೆ
ಕೃಷ್ಣೆಯ ದಂಡೆಯ ನೆರಳೂರು

ನನಗಿಂತ ಬಹಳ ಮೊದಲು ಬಾಳುತ್ತಿರುವ ಹಿರಿಯರಿಗೆ,

ಮೇಲೆ ಬರೆದ ತಿಂಗಳ ಹೆಸರು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ವೈಶಾಖ ಮುಗಿದರೂ ಬಿಸಿಲು ಮುಗಿಯದೆ ಹೋದಾಗ ನಮ್ಮ ಅಜ್ಜಂದಿರು ಜ್ಯೇಷ್ಠದ ಮುಂಚೆ ಇನ್ನೊಂದು ತಿಂಗಳನ್ನು ಸೇರಿಸಿ ಅದಕ್ಕೆ ಉರಿಮಾಸವೆಂದು ಹೆಸರಿಟ್ಟರು. ನಿಮ್ಮ ಕಾಲದ ಬರವಣಿಗೆಯನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತವಳು. ಮಾತು ಅಲ್ಲಲ್ಲಿ ಎಡವಿದರೆ ಮನ್ನಿಸಬೇಕು. ನಾನು ರೇಣವ್ವ, ಕರಿಗುಡ್ಡದ ಫಕೀರವ್ವನ ಮಗಳು. ನನ್ನ ತಾಯಿಗೆ ಏನಾಯಿತೆಂಬುದನ್ನು ಯಾರಿಗಾದರೂ ಹೇಳಬೇಕು. ಇಲ್ಲಿಯವರಿಗೆ ಕೇಳುವ ವ್ಯವಧಾನವಿಲ್ಲ. ಪ್ರತಿಯೊಬ್ಬರ ಬಳಿಯೂ ಇಂಥದೇ ಒಂದು ಕಥೆಯಿದೆ.

ಈಗ ನಾವಿರುವುದು ನೆರಳೂರಿನಲ್ಲಿ. ಮೈಲುಗಟ್ಟಲೆ ದಪ್ಪ ಬಟ್ಟೆಯ ಚಪ್ಪರ ಕಟ್ಟಿ, ಅದರ ಕೆಳಗೆ ಸಾಲು ಸಾಲಾಗಿ ಮನೆ ಮಾಡಿದ ಊರು ಇದು. ನಸುಕಿನಲ್ಲಿ ಎದ್ದು ಚಪ್ಪರದ ಹರಕು ಹೊಲಿಯುತ್ತೇವೆ. ಬಿಸಿಲು ಏರುವ ಮೊದಲು ರೊಟ್ಟಿ ಬಡಿದು ಮುಗಿಸುತ್ತೇವೆ. ಮಧ್ಯಾಹ್ನ ಯಾರೂ ಮಾತಾಡುವುದಿಲ್ಲ, ಮಾತಾಡಿದರೆ ಬಾಯಿ ಒಣಗುತ್ತದೆ. ಕರಿಗುಡ್ಡ ಹೀಗಿರಲಿಲ್ಲ. ಅಲ್ಲಿ ಕಲ್ಲಿನ ಗೋಡೆಯ ಮನೆಗಳಿದ್ದವು, ಬೇವಿನ ಮರಗಳಿದ್ದವು, ಎರೆಮಣ್ಣಿನಲ್ಲಿ ಜೋಳ ಬೆಳೆಯುತ್ತಿತ್ತು. ಊರಿನ ಬಡಗಣಕ್ಕೆ ದೊಡ್ಡ ನೀರಿನ ಕಟ್ಟೆ. ನೀರಿಗಾಗಿ ಮೇಲ್ದಂಡೆಯವರಿಗೂ ಕೆಳದಂಡೆಯವರಿಗೂ ಕಾಳಗ ಹತ್ತಿದಾಗ ಆ ಕಟ್ಟೆಯನ್ನು ಕಾಯಲು ಸೇನೆ ಬಂತು. ಊರಿಗೆ ಹೊಂದಿಕೊಂಡೇ ನೆಲೆ ಕಟ್ಟಿದರು, ಸುತ್ತ ಮುಳ್ಳುತಂತಿ ಎಳೆದರು. ನಮ್ಮ ಹೂಳುವ ನೆಲವೂ ತಂತಿಯ ಒಳಗೆ ಸೇರಿಹೋಯಿತು.

ಮೊದಮೊದಲು ಅವರೂ ನಾವೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅಷ್ಟರಲ್ಲಿ ನಮ್ಮ ಓಣಿಯ ಬಸ್ಸಪ್ಪಜ್ಜ ತೀರಿಕೊಂಡ. ಬೇರೆ ಕಡೆ ಕುಣಿ ತೋಡೋಣವೆಂದು ಹಿರಿಯರು ಹೇಳಿದರೂ ಅವ್ವ ಒಪ್ಪಲಿಲ್ಲ. ಹೆಣ ಹೊರಿಸಿಕೊಂಡು ನೇರವಾಗಿ ನೆಲೆಯ ಬಾಗಿಲಿಗೇ ಹೋದಳು. ಕಾವಲಿನವನು ಬಂದೂಕು ಅಡ್ಡ ಹಿಡಿದ.

“ಹಿಡಕೊಂಡು ನಿಂದ್ರಪಾ, ಬ್ಯಾಡ ಅನ್ನೂದಿಲ್ಲ,” ಅಂದಳು ಅವ್ವ. “ಆದ್ರ ಈ ಅಜ್ಜ ತನ್ನ ಹೆಂಡ್ತಿ ಮಗ್ಗಲದಾಗ ಮಲಗಬೇಕಂತ ಹೇಳಿ ಸತ್ತಾನ. ನಿಮ್ಮ ಸಾಹೇಬ್ರನ್ನ ಕರೀರಿ. ನಾವು ಕುಂದರ್ತೀವಿ.”

ಹೆಣವನ್ನು ಇಳಿಸಿ ಎಲ್ಲರೂ ಬಾಗಿಲ ಮುಂದೆ ಕುಳಿತರು. ಒಳಗಿನಿಂದ ದಳಪತಿ ಬಂದ. ಅವನ ಹೆಸರು ಲಾಲ್‌ರಿನ. ಮೂಡಣದ ಗುಡ್ಡಗಾಡಿನವನು, ಅವನ ಊರು ಮಣ್ಣುಕುಸಿತದಲ್ಲಿ ಮುಚ್ಚಿಹೋಗಿತ್ತು ಎಂದು ಆಮೇಲೆ ತಿಳಿಯಿತು. ಅವನು ಅಜ್ಜನ ಮುಖವನ್ನು ನೋಡಿದ. ಟೊಪ್ಪಿಗೆ ತೆಗೆದು ಕಾವಲಿನವನ ಕೈಗೆ ಕೊಟ್ಟು, ಚಟ್ಟದ ಒಂದು ಮೂಲೆಗೆ ತಾನೇ ಹೆಗಲು ಕೊಟ್ಟ. ಆ ಸಂಜೆ ನೆಲೆಯ ಅಡಿಗೆಮನೆಯಿಂದ ಅಜ್ಜನ ಮನೆಗೆ ಒಂದು ಹಂಡೆ ಅನ್ನ, ಸಾರು ಬಂತು. ಹಜರತಬಿ ಎಂಬ ನಮ್ಮ ನೆರೆಮನೆಯಾಕೆ ಮುಚ್ಚಳ ತೆಗೆದು ನೋಡಿ, “ಸತ್ತ ಮನಿಗೆ ಬುತ್ತಿ ತರೂರು ಬೀಗರು. ಇನ್ನ ಇವರೂ ಬೀಗರs ಆದ್ರು ತಗೋ,” ಅಂದಳು. ಅಂದಿನಿಂದ ಸೈನಿಕರಿಗೆ ಊರಿನಲ್ಲಿ ಬೀಗರೆಂದೇ ಹೆಸರಾಯಿತು. ಎರಡೂ ಕಡೆಯ ಮಾತು ಮುಟ್ಟಿಸುವ ಕೆಲಸ ಅವ್ವನಿಗೆ ಬಂದು, ಅವಳು ಬೀಗತಿಯಾದಳು.

ಆ ವರ್ಷಗಳು ಚೆನ್ನಾಗಿದ್ದವು. ಇದನ್ನು ನಾನು ಮುಚ್ಚಿಡಲಾರೆ. ನೆಲೆಯ ವೈದ್ಯೆ ಊರಿನ ಬಾಣಂತಿಯರನ್ನು ನೋಡುತ್ತಿದ್ದಳು. ಊರಿನ ಹೆಂಗಸರು ಸೈನಿಕರಿಗೆ ಎಣ್ಣೆಗಾಯಿ ಮಾಡುವುದನ್ನು ಕಲಿಸಿದರು. ಊರ ದನ ತಂತಿಯೊಳಗೆ ನುಗ್ಗಿದರೆ ಅವರೇ ಹೊಡೆದುಕೊಂಡು ಬಂದು ಕಟ್ಟಿ ಹೋಗುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಉಪಕಾರ ಗೂಗಿಯದು. ನಮ್ಮ ಕಾಲದಲ್ಲಿ ಉರಿಗಾಳಿ ಎಂಬುದೊಂದು ಬೀಸುತ್ತದೆ. ಬಯಲಲ್ಲಿ ಸಿಕ್ಕವರು ನಿಂತಲ್ಲೇ ಬೆಂದುಹೋಗುತ್ತಾರೆ. ಗಾಳಿ ಬರುವುದನ್ನು ನೆಲೆಯವರ ಯಂತ್ರಗಳು ಮೊದಲೇ ತಿಳಿಯುತ್ತಿದ್ದವು. ಆಗ ಅವರೊಂದು ಕಹಳೆ ಕೂಗಿಸುವರು. ಅದರ ದನಿ ಕೇಳಿ ಊರವರು ಅದನ್ನು ಗೂಗಿ, ಎಂದರೆ ಗೂಬೆ, ಎಂದು ಕರೆದರು. ಗೂಗಿ ಕೂಗಿದರೆ ಬಾಗಿಲು, ಕಿಟಕಿ ಬಿಗಿದು ಒದ್ದೆ ಗೋಣಿ ಇಳಿಬಿಡಬೇಕು. ಮತ್ತೊಮ್ಮೆ ಕೂಗುವವರೆಗೆ ಯಾರೇ ಬಡಿದರೂ ತೆಗೆಯಬಾರದು. ತೆಗೆದ ಒಂದು ಮನೆಯವರೆಲ್ಲ ಸತ್ತ ಮೇಲೆ ಅವ್ವ ಮನೆಮನೆಗೂ ಹೋಗಿ ಇದನ್ನು ಮಕ್ಕಳಿಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸಿದಳು.

ಆಮೇಲೆ ಕಾಳಗ ಹತ್ತಿರ ಬಂತು. ಸುತ್ತಲಿನ ಹಳ್ಳಿಯವರು ಗಾಡಿ ಹೂಡಿ ತೆಂಕಣಕ್ಕೆ ಹೊರಟರು. ನಮ್ಮ ಊರವರು ಅವ್ವನ ಮನೆಯ ಜಗಲಿಗೆ ಬಂದು, “ಬೀಗರನ್ನ ಕೇಳಿ ಬಾ,” ಅಂದರು. ಅವಳು ಹೋದಳು. ದಳಪತಿ ತನ್ನ ಕಲಿತ ಕನ್ನಡದಲ್ಲಿ, “ಅವ್ವಾ, ನೀವು ಊರು ಬಿಡಬೇಕಾದ ದಿನ ಬಂದರೆ ನಾನೇ ಬಂದು ಬಾಗಿಲು ತಟ್ಟುತ್ತೇನೆ,” ಎಂದನಂತೆ. ಅವನು ಸುಳ್ಳು ಹೇಳಲಿಲ್ಲ. ಅವನಿಗೆ ಗೊತ್ತಿದ್ದದ್ದು ಅಷ್ಟೇ.

ನಾನು ಮದುವೆಯಾಗಿ ಅಷ್ಟರಲ್ಲಾಗಲೇ ಈ ನೆರಳೂರಿಗೆ ಬಂದಿದ್ದೆ. ಅವ್ವನನ್ನು ಕರೆದೊಯ್ಯಲು ಹೋದೆ. ಅವಳು ಹುಣಸೆಹಣ್ಣು ಬಿಡಿಸುತ್ತ ಕುಳಿತಿದ್ದಳು.

“ಅವ್ವಾ, ಗಂಟು ಕಟ್ಟು. ಎಲ್ಲಾರೂ ಹೊಂಟಾರ.”

“ನಾ ಹ್ವಾದ್ರ ಊರs ಏಳತೈತಿ. ಊರು ಎದ್ರ ಆ ಹುಡುಗೋರ ಎದಿ ಒಡೀತೈತಿ. ನಮ್ಮನ್ನ ನಂಬಿ ಇಲ್ಲಿ ನಿಂತಾರ ಅವರು.”

“ಅವರು ಕಟ್ಟಿ ಕಾಯಾಕ ನಿಂತಾರ, ನಿನ್ನ ಕಾಯಾಕಲ್ಲ.”

ಅವ್ವ ನನ್ನನ್ನು ಒಂದು ನಮೂನೆ ನೋಡಿದಳು. “ಹೆಗಲು ಕೊಟ್ಟವರ ಮಾತ ನಂಬಲಿಲ್ಲಂದ್ರ ಮತ್ತ್ಯಾರ ಮಾತ ನಂಬೂದು, ರೇಣಾ?” ಅಂದಳು. ನಾನು ಒಬ್ಬಳೇ ಮರಳಿದೆ.

ಮುಂದಿನದನ್ನು ನಾನು ಕೇಳಿದ್ದು ಹಜರತಬಿಯಿಂದ. ಒಂದು ಮಧ್ಯಾಹ್ನ ಗೂಗಿ ಕೂಗಿತು. ಊರೆಲ್ಲ ಬಾಗಿಲು ಬಿಗಿದು ಒಳಗೆ ಕುಳಿತಿತು. ಗಾಳಿ ಮಾತ್ರ ಬೀಸಲಿಲ್ಲ. ನೆಲೆಯನ್ನು ಬಿಟ್ಟು ಹಿಂದೆ ಸರಿಯಬೇಕೆಂದು ಎಲ್ಲೋ ದೂರದ ರಾಜಧಾನಿಯಿಂದ ಆಜ್ಞೆ ಬಂದಿತ್ತು. ಊರು ಕದಲಿದರೆ ಮುಗಿಲಿನಿಂದ ನೋಡುವ ಶತ್ರುವಿಗೆ ಸುಳಿವು ಸಿಗುತ್ತದೆ, ಆದ್ದರಿಂದ ಊರಿಗೆ ತಿಳಿಸಕೂಡದು ಎಂದೂ ಅದರಲ್ಲಿ ಇತ್ತಂತೆ. ಜನ ಬಾಗಿಲು ಹಾಕಿಕೊಂಡು ಕುಳಿತಿದ್ದಾಗ ಬಂಡಿಗಳು ಸಾಲಾಗಿ ಹೊರಟುಹೋದವು. ಯಂತ್ರಗಳನ್ನೂ ದೀಪಗಳನ್ನೂ ಹಾಗೇ ಉರಿಯಬಿಟ್ಟಿದ್ದರು, ನೆಲೆ ಇನ್ನೂ ಇದೆ ಎಂದು ಕಾಣಲೆಂದು.

ಇಳಿಹೊತ್ತಿಗೆ ಲಾಲ್‌ರಿನ ಒಬ್ಬನೇ ನಡೆದುಕೊಂಡು ಮರಳಿ ಬಂದ. ತನ್ನ ದಂಡನ್ನು ಬಿಟ್ಟು ಬಂದವನಿಗೆ ಏನು ಶಿಕ್ಷೆಯೆಂಬುದು ಅವನಿಗೆ ಗೊತ್ತಿತ್ತು. ಮೊದಲು ಅವ್ವನ ಬಾಗಿಲು ತಟ್ಟಿದ. ಅವಳು ದನಿ ಗುರುತು ಹಿಡಿದು ತೆಗೆದಳು. ಇಬ್ಬರೂ ಓಣಿಗೆ ಇಳಿದರು.

“ತಗೀರಿ! ಗಾಳಿ ಇಲ್ಲೋ, ಸುಳ್ಳು ಕೂಗ್ಯಾರೋ! ನಾನs ಫಕೀರವ್ವ, ತಗೀರಿ ಬಾಗಲಾ!”

ಹಜರತಬಿ ತೆಗೆದಳು. ಅವಳ ಜೊತೆಗೆ ಮತ್ತೆರಡು ಮನೆಯವರು. ಉಳಿದವರು ತೆಗೆಯಲಿಲ್ಲ. ಯಾರೇ ಬಡಿದರೂ ತೆಗೆಯಬೇಡಿರೆಂದು ಅವ್ವನೇ ಕಲಿಸಿದ್ದಳಲ್ಲ. ಒಂದು ಮನೆಯೊಳಗಿನಿಂದ ಒಂದು ಮಗು, “ಗೂಗಿ ಇನ್ನಾ ಕೂಗಿಲ್ಲಾ ಆಯಿ,” ಎಂದು ಕೂಗಿ ಹೇಳಿತಂತೆ. ದಳಪತಿ ಕಹಳೆಯನ್ನು ಕೂಗಿಸಲೆಂದು ನೆಲೆಯೊಳಕ್ಕೆ ಓಡಿದ. ಓಡುವಾಗಲೇ ಆಜ್ಞೆಯ ಸಂಗತಿಯನ್ನು ಹಜರತಬಿಗೆ ಹೇಳಿ, ಹಳ್ಳದ ಗುಂಟ ಹೋಗಲು ಕೈ ತೋರಿಸಿದ. ಅವ್ವ ಅವಳ ಜೊತೆ ಹೋಗಲಿಲ್ಲ, ಮುಂದಿನ ಬಾಗಿಲಿಗೆ ಹೋದಳು. ಹಜರತಬಿ ಹಳ್ಳ ದಾಟುವಷ್ಟರಲ್ಲಿ ಮುಗಿಲಿನಿಂದ ಬೆಂಕಿ ಬಿತ್ತು. ಮೊದಲು ನೆಲೆಯ ಮೇಲೆ, ಆಮೇಲೆ ಊರಿನ ಮೇಲೆ. ಗೂಗಿ ಕೂಗಲೇ ಇಲ್ಲ.

ನಾನು ಹೋಗಿ ನೋಡಿದಾಗ ಯಾವುದು ಊರು, ಯಾವುದು ನೆಲೆ ಎಂದು ಹೇಳುವಂತಿರಲಿಲ್ಲ. ಕಟ್ಟೆಯೂ ಒಡೆದು ಬತ್ತಿತ್ತು. ಅಲ್ಲಿ ಕಾಯುವಂಥದು ಏನೂ ಉಳಿದಿರಲಿಲ್ಲ.

ಹಿರಿಯರೇ, ನಿಮ್ಮ ಊರ ಪಕ್ಕದಲ್ಲಿ ನೆಲೆಯಿದ್ದರೆ ಅವರೊಡನೆ ಮುನಿಸಿಕೊಂಡಿರಿ ಎಂದು ನಾನು ಹೇಳಲಾರೆ. ಬಾಗಿಲಲ್ಲಿ ನಿಂತವನೂ ಒಬ್ಬ ತಾಯಿಯ ಮಗ. ಅವನ ಹೆಸರು ಕೇಳಿರಿ, ಉಂಡಿದ್ದಾನೋ ಇಲ್ಲವೋ ಕೇಳಿರಿ. ಆದರೆ ಆಜ್ಞೆ ಬರೆಯುವವನ ಮನೆ ಎಲ್ಲಿದೆ ಎಂದೂ ಕೇಳಿರಿ. ನಿಮ್ಮ ಓಣಿಯಲ್ಲಿ ಅವನು ಒಂದು ದಿನವೂ ಉಂಡಿಲ್ಲವಾದರೆ ಆ ಬೀಗತನ ಅರ್ಧದ್ದು. ನಾವು ಇದನ್ನು ಕೇಳಲಿಲ್ಲ. ಕೇಳಿದ್ದರೆ ಏನಾಗುತ್ತಿತ್ತೋ, ಅದೂ ನನಗೆ ಗೊತ್ತಿಲ್ಲ.

ಈಗ ನಮ್ಮ ನೆರಳೂರಿನ ಪಕ್ಕದಲ್ಲೂ ಒಂದು ನೆಲೆ ಏಳುತ್ತಿದೆ. ಕೃಷ್ಣೆ ಬತ್ತಿದ್ದಾಳೆ, ಕುಡಿಯುವ ನೀರು ಅವರ ಕೊಳವೆಯಲ್ಲಲ್ಲದೆ ಬೇರೆಲ್ಲೂ ಇಲ್ಲ. ನಾನು ಫಕೀರವ್ವನ ಮಗಳೆಂದು ಯಾರೋ ಹೇಳಿದ್ದಾರೆ. ಬೀಗತಿಯಾಗಲು ಕೇಳಿಕೊಳ್ಳಲು ಅವರ ದಳಪತಿಯೇ ಬಂದಿದ್ದಾಳೆ. ನಡುವಯಸ್ಸಿನ ಹೆಂಗಸು, ಮುಖದಲ್ಲಿ ಮೋಸವಿಲ್ಲ. ನಾನು ಈ ಕಾಗದ ಮುಗಿಸುವುದನ್ನು ಕಾಯುತ್ತ ಆಗಿನಿಂದ ಚಪ್ಪರದ ಹೊರಗೆ ಬಿಸಿಲಿನಲ್ಲಿ ನಿಂತಿದ್ದಾಳೆ. ಒಳಗೆ ಕರೆಯಬೇಕು.

ಇಂತು,
ರೇಣವ್ವ